ಹನ್ನೊಂದನೇ ಸಾಲು

ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಯಾರಾದರೂ ಗಾಳಿ ಸೋಕಿತು, ಗುಳಿಗನ ಭೂತ ಕಂಡಿತು ಎಂದರೆ "ಮೊದ್ಲು ಡಾಕ್ಟರಿಗೆ ತೋರ್ಸಿ" ಎಂದು ಜಗಳಕ್ಕೇ ನಿಲ್ಲುತ್ತಿದ್ದೆ. ಈಗಲೂ ನಿಲ್ಲುತ್ತೇನೆ. ಆದರೆ ಒಂದು ಸಂಗತಿಯನ್ನು ಮಾತ್ರ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದೇನೆ. ಹೇಳಿಬಿಡುತ್ತೇನೆ, ನಗುವವರು ನಗಲಿ.

ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ವಿಭಾಗ ಎಂದರೆ ನಾನೊಬ್ಬಳೇ. ಅಲ್ಲೊಂದು ಡೈರೆಕ್ಟರಿ ಸರ್ವರ್ ಇದೆ. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಯಾರು ಯಾವ ರೋಗಿಯ ಯಾವ ದಾಖಲೆ ನೋಡಬಹುದು, ಯಾರು ನೋಡಕೂಡದು ಎಂಬ ನಿಯಮಗಳೆಲ್ಲ ಅದರಲ್ಲಿರುತ್ತವೆ. ನಿಯಮ ಬದಲಾಯಿಸಿದಾಗಲೆಲ್ಲ ಪರೀಕ್ಷೆ ಮಾಡಬೇಕು. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ, ಇಂಥವರು ಇಂಥ ದಾಖಲೆ ಕೇಳಿದರೆ ಕೊಡುತ್ತೀಯಾ ಎಂದು ಸರ್ವರನ್ನೇ ಕೇಳುವುದು. ದಾಖಲೆಗೊಂದು ಸಾಲಿನಂತೆ ಉತ್ತರ ಬರುತ್ತದೆ: ಅನುಮತಿ ಇದೆ, ಅಥವಾ ಇಲ್ಲ.

ಕೆಲಸದಲ್ಲಿರುವವರ ಹೆಸರಿನಲ್ಲಿ ಹೀಗೆ ಪದೇ ಪದೇ ಕೇಳಿದರೆ ಅವರ ಖಾತೆ ಲಾಕ್ ಆಗಿ ವಾರ್ಡಿನಿಂದ ಬೈಗುಳ ಬರುತ್ತದೆ. ಹಾಗಾಗಿ ನಾನು ಚಿಣ್ಣಪ್ಪ ಅಂಕಲ್ ಖಾತೆಯನ್ನು ಬಳಸುತ್ತಿದ್ದೆ. ಅವರು ರೆಕಾರ್ಡ್ ರೂಮಿನಲ್ಲಿ ಬಹಳ ವರ್ಷ ಇದ್ದವರು, ತೀರಿಕೊಂಡು ವರ್ಷವಾಗಿತ್ತು. ಅವರ ಹಕ್ಕುಗಳನ್ನೆಲ್ಲ ತೆಗೆದುಹಾಕಿದ್ದೆ, ಖಾತೆಯನ್ನು ಅಳಿಸಲು ಮಾತ್ರ ಮನಸ್ಸು ಬಂದಿರಲಿಲ್ಲ. ನಾನು ಊಟದ ಡಬ್ಬಿ ತರದ ದಿನ, "ಏನ್ ಮಾರಾಯ್ತಿ, ಹೊಟ್ಟೆಗೆ ಹಾಕ್ದೆ ಕಂಪ್ಯೂಟರ್ ಕುಟ್ಟಿದ್ರೆ ಆಗ್ತದಾ?" ಎಂದು ತಮ್ಮ ಅಕ್ಕಿರೊಟ್ಟಿಯಲ್ಲೇ ಒಂದನ್ನು ನನ್ನ ಮುಂದಿಡುತ್ತಿದ್ದ ಮನುಷ್ಯ.

ಆ ದಿನ ಮಧ್ಯಾಹ್ನ ಮೂರು ಗಂಟೆ ಇರಬೇಕು. ರೋಗಿಗಳ ಹಳೆಯ ಖಾಸಗಿ ವಿಷಯಗಳು ಬೇಡದವರ ಕಣ್ಣಿಗೂ ಬೀಳುತ್ತಿವೆ ಎಂದು ದೂರು ಬಂದಿದ್ದರಿಂದ, ಅವನ್ನು ಮುಚ್ಚಲು ಬೆಳಗ್ಗೆ ಹೊಸ ನಿಯಮ ಹಾಕಿದ್ದೆ. ಈಗ ಹತ್ತು ರೋಗಿಗಳ ನಂಬರುಗಳನ್ನು ಫೈಲಿನಲ್ಲಿ ಬರೆದು, ಚಿಣ್ಣಪ್ಪ ಅಂಕಲ್ ಹೆಸರಿನಲ್ಲಿ ಕಮಾಂಡ್ ಕೊಟ್ಟೆ. ಇಲ್ಲ, ಇಲ್ಲ ಎಂದು ಹತ್ತು ಸಾಲು ಬಂತು. ಸದ್ಯ, ಎಲ್ಲ ಸರಿಯಿದೆ ಎಂದುಕೊಂಡು ಟೀಗೆ ಏಳುವಷ್ಟರಲ್ಲಿ ಹನ್ನೊಂದನೇ ಸಾಲೊಂದು ಬಂತು. ನಾನು ಬರೆದೇ ಇರದ ನಂಬರ್. ಅದರ ಮುಂದೆ, ಅನುಮತಿ ಇದೆ.

ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಎಲ್ಲೋ ಎಡವಟ್ಟು ಮಾಡಿದ್ದೇನೆ ಎಂದು ಗೊಣಗುತ್ತಾ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಆ ದಾಖಲೆಯನ್ನು ತೆರೆದೆ. ಕಕ್ಕಬೆ ಕಡೆಯ ಏಲಕ್ಕಿ ತೋಟದಲ್ಲಿ ಕೆಲಸ ಮಾಡುವ ಗೌರಿ ಎಂಬ ಹೆಂಗಸಿನದು. ಕಾಲಿನ ಗಾಯ ಕೀವಾಗಿ, ಜ್ವರ ಏರಿ ಅದೇ ಬೆಳಗ್ಗೆ ದಾಖಲಾಗಿದ್ದಳು. ಕೆಳಗೆ ಎಷ್ಟೋ ವರ್ಷದ ಹಿಂದಿನ ಟಿಪ್ಪಣಿ ಇತ್ತು: ಪೆನಿಸಿಲಿನ್ ಕೊಡಬಾರದು, ಕಳೆದ ಸಲ ಉಸಿರು ಕಟ್ಟಿತ್ತು. ಟೈಪ್ ಮಾಡಿದವರ ಹೆಸರು ಚಿಣ್ಣಪ್ಪ.

ಇದು ವಾರ್ಡಿನವರಿಗೆ ಕಾಣುತ್ತದೆಯೇ ಎಂದು ಅಲ್ಲಿನ ಸಿಸ್ಟರ್ ಶೈಲಜಾ ಹೆಸರಿನಲ್ಲಿ ಸರ್ವರನ್ನು ಕೇಳಿದೆ. ಇಲ್ಲ ಎಂದಿತು. ನನ್ನ ಹೊಸ ನಿಯಮ ಇಂಥ ಟಿಪ್ಪಣಿಗಳನ್ನು ನರ್ಸುಗಳಿಂದಲೂ ಮುಚ್ಚಿಬಿಟ್ಟಿತ್ತು. ವಾರ್ಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಎರಡು ಮಹಡಿ ಮೆಟ್ಟಿಲನ್ನು ಹೇಗೆ ಹತ್ತಿದೆನೋ ದೇವರೇ ಬಲ್ಲ.

ಗೌರಿ ಜ್ವರದ ಮಂಪರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಸಿಸ್ಟರ್ ಕೈಯಲ್ಲಿ ಸಿರಿಂಜ್ ಇತ್ತು.

"ಸಿಸ್ಟರ್, ನಿಲ್ಸಿ! ಇವ್ರಿಗೆ ಪೆನಿಸಿಲಿನ್ ಆಗಲ್ಲ."

"ಅಯ್ಯೋ, ಸ್ಕ್ರೀನಲ್ಲಿ ಏನೂ ಇಲ್ಲವಲ್ಲ ಮೇಡಂ? ಇವರ ಗಂಡನ ಹತ್ರವೂ ಕೇಳಿದೆ, ಗೊತ್ತಿಲ್ಲ ಅಂದ್ರು."

"ಇದೆ ಸಿಸ್ಟರ್. ನಾನೇ ಮುಚ್ಚಿಬಿಟ್ಟಿದ್ದೆ."

ಸಿಸ್ಟರ್ ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರಿಗೆ ಫೋನ್ ಮಾಡಿದರು. ಗಂಡ ಮೂಲೆಯಲ್ಲಿ ನಿಂತು, "ನಮ್ ಮದ್ವೆಗಿಂತ ಮುಂಚಿಂದು ಇರ್ಬೇಕು ಮೇಡಂ, ನಂಗೆ ಗೊತ್ತೇ ಇಲ್ಲ" ಎಂದು ಅಳತೊಡಗಿದ. ನನಗೂ ಅಳು ಬಂತು, ಅವನ ಮುಂದೆ ಅಳಲಿಕ್ಕೆ ನಾಚಿಕೆಯಾಗಿ ಕೆಳಗಿಳಿದೆ.

ನಿಯಮವನ್ನು ಸರಿಪಡಿಸಿ ಮತ್ತೆ ಅದೇ ಕಮಾಂಡ್ ಕೊಟ್ಟೆ. ಹತ್ತೇ ಸಾಲು. ಪರದೆಯನ್ನು ಮೇಲಕ್ಕೆ ಸರಿಸಿ ಮೊದಲ ಸಲದ ಉತ್ತರ ನೋಡಿದೆ. ಅಲ್ಲೂ ಹತ್ತೇ. ಸರ್ವರಿನ ಲಾಗ್ ತೆಗೆದರೆ, ಕೇಳಿದ್ದು ಹತ್ತು, ಹೇಳಿದ್ದೂ ಹತ್ತು. ಅಂಗೈ ಮೇಲಿನ ನಂಬರ್ ಮಾತ್ರ ಬೆವರಿನಲ್ಲಿ ಅರ್ಧ ಅಳಿಸಿಕೊಂಡು ಹಾಗೇ ಇತ್ತು. ಬೆಳಗ್ಗೆ ದಾಖಲಾದವರ ಪಟ್ಟಿಯಲ್ಲಿ ಅದನ್ನು ನೋಡಿದ್ದೆನೇನೋ, ಕಣ್ಣು ಮೋಸ ಮಾಡಿತೇನೋ ಎಂದು ನನಗೆ ನಾನೇ ಬೇಕಾದಷ್ಟು ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಆದರೆ ಆ ದಿನ ನಾನು ಆ ಪಟ್ಟಿಯನ್ನು ತೆರೆದೇ ಇರಲಿಲ್ಲ.

ಮೀಟಿಂಗಿನಲ್ಲಿ ತಪ್ಪನ್ನು ಒಪ್ಪಿಕೊಂಡೆ. ಬೈಯುವುದು ಬಿಟ್ಟು, ಪರೀಕ್ಷೆ ಮಾಡಿದ್ದಕ್ಕೆ ಜೀವ ಉಳಿಯಿತು ಎಂದು ಹೊಗಳಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಡಿಸ್ಚಾರ್ಜ್ ಆದ ದಿನ ಗೌರಿ ಕುಂಟುತ್ತಾ ನನ್ನ ರೂಮಿಗೇ ಬಂದಳು. ಅವಳಿಗೂ ನಿಜ ಹೇಳಿದೆ, ತಪ್ಪು ನನ್ನದೇ ಎಂದು. "ಇರ್ಲಿ ಬಿಡಿ ಅಕ್ಕ, ಓಡಿ ಬಂದ್ರಲ್ಲ" ಎಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ, "ಅಷ್ಟು ಜನದಲ್ಲಿ ನನ್ನದೇ ಅಂತ ಹೆಂಗೆ ಗೊತ್ತಾಯ್ತು ಅಕ್ಕ?" ಎಂದು ಕೇಳಿದಳು.

ಅವಳು ಕೈ ಬಿಡದೆ ಕಾದಳು. ಆ ದಿನ ನಂಬರ್ ಬರೆದುಕೊಂಡಿದ್ದ ಅಂಗೈಯೇ ಅವಳ ಕೈಯಲ್ಲಿತ್ತು.