ಗಟ್ಟಿಮೇಳವಿಲ್ಲದ ಮದುವೆ

ನಮ್ಮ ಜಗದಾಂಬತ್ತೆ ಕೂತಿದ್ದನ್ನು ಕಂಡವರು ಮಿಡಿಗೇಶಿಯಲ್ಲಿ ಯಾರೂ ಇಲ್ಲ. ಮಧುಗಿರಿ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದರೂ ಬಾಗಿಲ ಕಂಬಿ ಹಿಡಿದು ನಿಂತೇ ಬರುತ್ತಾಳೆ. ಕಂಡಕ್ಟರುಗಳು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದಾರೆ. ಮನೆಯಲ್ಲಿ ಊಟವೂ ನಿಂತೇ, ಒಲೆಯ ಪಕ್ಕದಲ್ಲಿ, ತಟ್ಟೆ ಕೈಯಲ್ಲಿ ಹಿಡಿದು. ಟಿವಿ ನೋಡುವಾಗಲೂ ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಆಚೆ. ಅವಳನ್ನು ನೋಡುತ್ತಿದ್ದರೆ ಕೂತಿರುವ ನಮಗೇ ಏನೋ ಮರೆತು ಬಂದವರ ಹಾಗೆ ಚಡಪಡಿಕೆ ಶುರುವಾಗುತ್ತದೆ.

ಅವಳು ನಮ್ಮಪ್ಪ ಪರ್ವತಯ್ಯನ ಅಕ್ಕ. ಬಡವನಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ. ಒಂದು ಟ್ರಂಕು ಹಿಡಿದುಕೊಂಡು ತೌರಿಗೆ ಬಂದಳು, ಆಮೇಲೆ ಅಲ್ಲಿಂದ ಹೊರಡಲಿಲ್ಲ. ನಮ್ಮಮ್ಮನಿಗೆ ಅಂಗನವಾಡಿಯಲ್ಲಿ ಕೆಲಸ. ಊರ ಮಕ್ಕಳನ್ನು ನೋಡಿಕೊಳ್ಳುವುದರಲ್ಲೇ ಅವಳಿಗೆ ಹೊತ್ತು ಕಳೆಯುತ್ತಿತ್ತು. ಹಾಗಾಗಿ ನನಗೂ ನನ್ನ ತಂಗಿ ಭುವನಾಳಿಗೂ ತಲೆ ಬಾಚಿದ್ದು, ಜ್ವರ ಬಂದಾಗ ಕಷಾಯ ಕುಡಿಸಿದ್ದು, ಸುಳ್ಳು ಹೇಳಿದಾಗ ಕಿವಿ ಹಿಂಡಿದ್ದು ಎಲ್ಲ ಅತ್ತೆಯೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಮ್ಮ ಬಳಗದ ಮದುವೆ ಎಲ್ಲೇ ನಡೆಯಲಿ, ಉಗ್ರಾಣದ ಕೀಲಿ ಅತ್ತೆಯ ಸೊಂಟಕ್ಕೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ತಾಂಬೂಲದ ಚೀಲ, ಬೆಳ್ಳಿ ಬಟ್ಟಲು, ಕೊನೆಗೆ ತಾಳಿಯ ಡಬ್ಬಿ ಕೂಡ ಆ ಕೋಣೆಯಲ್ಲೇ. "ಜಗದಾಂಬಕ್ಕ ಇದ್ರೆ ಒಂದು ಕಾಯಿ ಅತ್ಲಾಗಿಂದಿತ್ಲಾಗೆ ಆಗಲ್ಲ" ಎಂದು ಎಲ್ಲರೂ ಹೊಗಳುವವರೇ. ನನಗೂ ಅದು ಹೆಮ್ಮೆಯ ವಿಷಯವಾಗಿತ್ತು. ಒಂದು ದಿನ ನಮ್ಮ ಮದುವೆಯ ವಿಡಿಯೊ ನೋಡುತ್ತಾ ನನ್ನ ಹೆಂಡತಿ ಕೇಳಿದಳು: "ತಾಳಿ ಕಟ್ಟೋವಾಗ ಅತ್ತೆ ಎಲ್ಲಿದ್ರು?" ಹಿಂದೆ ಮುಂದೆ ಓಡಿಸಿ ಹುಡುಕಿದೆವು. ಎಲ್ಲೂ ಇಲ್ಲ.

ಇರುವುದಾದರೂ ಹೇಗೆ? ಸರಿಯಾಗಿ ಮುಹೂರ್ತದ ಹೊತ್ತಿಗೆ ಉಗ್ರಾಣದಲ್ಲಿ ಅತ್ತೆಗೆ ಏನಾದರೂ ಕೆಲಸ ಬಂದೇ ಬಂದಿರುತ್ತದೆ, ಪ್ರತಿ ಮದುವೆಯಲ್ಲೂ. ತಾಳಿಯ ಡಬ್ಬಿಯನ್ನು ಬಾಗಿಲ ಸಂದಿಯಿಂದ ಯಾರಾದರೊಬ್ಬ ಮುತ್ತೈದೆಯ ಕೈಗೆ ಕೊಟ್ಟು, ಬಾಗಿಲು ಮುಂದಕ್ಕೆ ಹಾಕಿಕೊಂಡು, ಕಿವಿಗೊಟ್ಟು ನಿಲ್ಲುತ್ತಾಳೆ. ಗಟ್ಟಿಮೇಳ ಮೊಳಗಿತೋ, ತಾಳಿ ಬಿತ್ತು ಅಂತ ಲೆಕ್ಕ. ಪಾಯಸ ಬಡಿಸಲು ಹೇಳಿಕಳಿಸುತ್ತಾಳೆ. ಗಂಡ ಸತ್ತವಳು ಎದುರಿಗೆ ಬರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಕಷ್ಟವೇ ಬೇಡವೆಂದು ಕೀಲಿ ಕೊಟ್ಟಿದ್ದರು, ಅದೂ ಶರಣರ ಚಿತ್ರವಿರುವ ಕ್ಯಾಲೆಂಡರಿನ ಕೆಳಗೆ ನಿಂತುಕೊಂಡು. ಆ ವಿಡಿಯೊ ನೋಡಿದ ದಿನದಿಂದ ಯಾರಾದರೂ ಅತ್ತೆಯ ಉಸ್ತುವಾರಿಯನ್ನು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಭುವನಾ ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಕೆಲಸ ಮಾಡುವ ಮಾರ್ಟಿನ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಅಪ್ಪ ಮೂರು ದಿನ ಮಾತಾಡಲಿಲ್ಲ, ನಾಲ್ಕನೆಯ ದಿನ ಪಾಸ್‌ಪೋರ್ಟಿಗೆ ಏನೇನು ಬೇಕು ಎಂದು ಕೇಳಿದ. ಹುಡುಗನ ಅಜ್ಜಿ ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ. ಅದಕ್ಕೇ ಮದುವೆ ಅವರ ಹಳ್ಳಿಯಲ್ಲಿ, ನಮ್ಮ ಪದ್ಧತಿಯಂತೆ ತಾಳಿ ಕಟ್ಟಿಯೇ, ಎಂದು ತೀರ್ಮಾನವಾಯಿತು. ಆಮೇಲೆ ಭುವನಾ ನನಗೊಬ್ಬನಿಗೇ ಫೋನ್ ಮಾಡಿದಳು.

"ಅಣ್ಣ, ತಾಳಿ ಕಟ್ಟೋದನ್ನ ಅತ್ತೆ ಮುಂದಿನ ಸಾಲಲ್ಲಿ ಕೂತು ನೋಡ್ಬೇಕು. ಇಲ್ಲಾಂದ್ರೆ ನಂಗೆ ಮದ್ವೆ ಆದಂಗೇ ಅನ್ನಿಸಲ್ಲ. ಅಮ್ಮಂಗೆ ನೀನೇ ಹೇಳು."

ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ "ನೋಡಣ" ಅಂದಳು. ನಮ್ಮ ಮನೆಯಲ್ಲಿ ನೋಡಣ ಅಂದರೆ ಆಗುವುದಿಲ್ಲ ಅಂತ ಅರ್ಥ.

ಅಪ್ಪ, ಅಮ್ಮ, ಅತ್ತೆ, ನಾನು, ಹೀಗೆ ನಾಲ್ವರು ಹೊರಟೆವು, ನನ್ನ ಹೆಂಡತಿಗೆ ರಜೆ ಸಿಗಲಿಲ್ಲ. ತಾಳಿಯ ಡಬ್ಬಿ ಯಾರ ಹತ್ತಿರ ಇರಬೇಕು ಎಂಬ ಚರ್ಚೆಯೇ ಆಗಲಿಲ್ಲ. ಅಪ್ಪ ಅದನ್ನು ಅಕ್ಕನ ಕೈಗೆ ಕೊಟ್ಟ, ಅವಳು ಸೊಂಟದ ಚೀಲಕ್ಕೆ ಹಾಕಿ ಗಂಟು ಬಿಗಿದಳು. ವಿಮಾನದಲ್ಲಿ ಬೆಲ್ಟು ಕಟ್ಟಿ ಕೂರಿಸಿದಾಗ ಅವಳ ಮುಖ ನೋಡಬೇಕಿತ್ತು. ಬೆಲ್ಟಿನ ದೀಪ ಆರಿದ್ದೇ ತಡ ಎದ್ದು, ಗಗನಸಖಿಯರು ಊಟದ ಗಾಡಿ ತಳ್ಳುವ ಜಾಗಕ್ಕೆ ಹೋಗಿ ನಿಂತಳು. ಅವರು ಕೈಮುಗಿದು ಕರೆತಂದು ಕೂರಿಸಿದರು, ಇವಳು ಮತ್ತೆ ಹೋದಳು.

ಮಾರ್ಟಿನ್ ನಮಗಾಗಿ ಮೊದಲು ಪ್ಯಾರಿಸ್ ತೋರಿಸುವ ಏರ್ಪಾಡು ಮಾಡಿದ್ದ. ಅಲ್ಲಿಯ ಕಬ್ಬಿಣದ ಗೋಪುರದ ಕೆಳಗೆ ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರೆ ಅತ್ತೆ ಜನರನ್ನೇ ನೋಡುತ್ತಿದ್ದಳು. "ಇಷ್ಟು ಜನಕ್ಕೆ ಕುಡಿಯೋ ನೀರು ಯಾರ್ ನೋಡ್ಕಂತಾರೋ?" ಅಂದಳು. ಹೊಳೆಯಲ್ಲಿ ದೋಣಿ ಹತ್ತಿಸಿದರೆ ಚೀಲಗಳ ಪಕ್ಕ ಕಾವಲು ನಿಂತಳು. ಹೋಟೆಲಿನಲ್ಲಿ ಹಾಸಿಗೆ ಮಡಿಸಿಟ್ಟು, ಕೋಣೆ ಗುಡಿಸುವ ಹೆಂಗಸಿಗೆ ಕೆಲಸವಿಲ್ಲದಂತೆ ಮಾಡಿದಳು. ಅವಳ ಹಿಂದೆ ಸುತ್ತಿ ಸುತ್ತಿ ನನಗೆ ಪ್ಯಾರಿಸ್ ಒಂದಿಷ್ಟೂ ನೆನಪಿಲ್ಲ.

ಜರ್ಮನಿಗೆ ಹೋಗುವ ರೈಲಿನಲ್ಲಿ ನನಗೆ ರೇಗಿಹೋಯಿತು. "ಕಾಲು ಊದ್ಕಂಡವೆ ನೋಡು. ಒಂದು ಗಳಿಗೆ ಕೂತ್ಕಳತ್ತೆ. ಯಾರು ಬೇಡ ಅಂದ್ರು?"

ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಯಾರೂ ಬೇಡ ಅನ್ನಲ್ಲ ಕಣೋ ಪ್ರಭು. ಓಡಾಡ್ತಾ ಇದ್ರೆ ಯಾರ ಕಣ್ಣಿಗೂ ಬೀಳಲ್ಲ. ಕೂತ್ರೆ ಎಲ್ರಿಗೂ ಕಾಣ್ತೀವಿ. ಆವಾಗ ನೆಪ್ಪಾಗ್ತದೆ ಅವರ್ಗೆ."

ಎದುರಿನ ಸೀಟಿನಲ್ಲಿದ್ದ ಅಮ್ಮ ಸೆರಗು ಸರಿಮಾಡಿಕೊಂಡು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು.

ಮದುವೆ ಆ ಹಳ್ಳಿಯವರದೇ ಒಂದು ಸಭಾಭವನದಲ್ಲಿ. ಏಪ್ರಿಲ್ ತಿಂಗಳು. ನಮ್ಮ ಕಡೆ ಬೆಟ್ಟದ ಬಂಡೆ ಕಾದು ಹೆಂಚಾಗಿರುವ ಹೊತ್ತಿನಲ್ಲಿ ಅಲ್ಲಿ ಕೋಟಿಲ್ಲದೆ ಆಚೆ ಕಾಲಿಡುವಂತಿಲ್ಲ. ಭುವನಾ ಅತ್ತೆಯ ಕೈ ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋದಳು. ಅಲ್ಲಿ ಪ್ರತಿ ಕುರ್ಚಿಗೂ ಹೆಸರಿನ ಚೀಟಿ ಇಡುವುದು ಪದ್ಧತಿ. ಒಂದು ಕುರ್ಚಿಯ ಮೇಲೆ ಕನ್ನಡದಲ್ಲಿ, ಭುವನಾಳ ಅಕ್ಷರದಲ್ಲಿ, "ಜಗದಾಂಬತ್ತೆ" ಎಂದಿತ್ತು. ಅತ್ತೆ ಆ ಚೀಟಿಯನ್ನು ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ಅಲ್ಲೇ ಇಟ್ಟಳು. ಆಮೇಲೆ ಬಗ್ಗಿ ಕುರ್ಚಿಗಳ ಸಾಲು ನೇರ ಮಾಡತೊಡಗಿದಳು.

ಬೆಳಿಗ್ಗೆಯಿಂದ ಅವಳ ಅವಸ್ಥೆ ನೋಡಲಾಗುತ್ತಿರಲಿಲ್ಲ. ಅಡುಗೆಮನೆಗೆ ಹೋದರೆ ಬಿಳಿ ಟೋಪಿಯ ಅಡುಗೆಯವರು ನಗುತ್ತಲೇ ಆಚೆ ಕಳಿಸಿದರು. ಹೂ ಕಟ್ಟಲು ಹೋದರೆ ಹೂ ಆಗಲೇ ಜೋಡಿಸಿಟ್ಟಿತ್ತು. ಆ ಬಾಗಿಲಿಂದ ಈ ಬಾಗಿಲಿಗೆ, ಈ ಬಾಗಿಲಿಂದ ಆ ಬಾಗಿಲಿಗೆ ನಡೆದದ್ದೇ ನಡೆದದ್ದು. ಕಡೆಗೆ ಅಮ್ಮ ಬಂದು ಅವಳ ಕೈಗೆ ಒಂದು ಕೀಲಿ ಇಟ್ಟಳು.

"ಅಕ್ಕ, ಬಂದೋರ ಕೋಟು ತೂಗುಹಾಕೋ ರೂಮಂತೆ. ನಮ್ ಸಾಮಾನೂ ಅಲ್ಲೇ ಇಡ್ಸಿದೀನಿ. ನೀವು ನೋಡ್ಕಂಡ್ರೆ ನಂಗೆ ನಿಶ್ಚಿಂತೆ."

ಅತ್ತೆಯ ಮುಖ ಅರಳಿತು. ನನಗಾದ ಸಂಕಟ ಅಷ್ಟಿಷ್ಟಲ್ಲ. ಏಳು ಸಮುದ್ರ ದಾಟಿ ಬಂದರೂ ಅವಳಿಗೊಂದು ಉಗ್ರಾಣ ಹುಡುಕಿಕೊಟ್ಟರಲ್ಲ!

ಗಂಟೆಯೊಳಗೆ ಆ ಕೋಣೆ ನಮ್ಮೂರಿನ ಉಗ್ರಾಣವೇ ಆಯಿತು. ಒಂದು ಮೂಲೆಯಲ್ಲಿ ಭುವನಾ ತರಿಸಿದ್ದ ಕಾಯಿ, ಬಾಡಿದ ವೀಳ್ಯದೆಲೆ, ಅಕ್ಷತೆಯ ಬಟ್ಟಲು. ಗೋಡೆಯುದ್ದಕ್ಕೂ ಕೋಟುಗಳು, ಗಿಡ್ಡವು ಮುಂದೆ, ಉದ್ದವು ಹಿಂದೆ. ಬಂದವರೆಲ್ಲ ಅತ್ತೆಯನ್ನು ಕೋಟು ಕಾಯುವವಳೆಂದೇ ತಿಳಿದರು. ಒಬ್ಬ ಮುದುಕ ಅವಳ ಅಂಗೈಗೆ ಒಂದು ನಾಣ್ಯವಿಟ್ಟು ಬೆನ್ನು ತಟ್ಟಿ ಹೋದ. ಹೆಣ್ಣನ್ನು ಬೆಳೆಸಿದ ತಾಯಿಗೆ ಭಕ್ಷೀಸು! ನಾನು ಅವನ ಹಿಂದೆ ಹೋಗಲಿದ್ದೆ, ಅತ್ತೆ ತೋಳು ಹಿಡಿದು ನಿಲ್ಲಿಸಿದಳು.

"ಬುಡೋ. ಅವಯ್ಯಂಗೇನ್ ಗೊತ್ತು? ನಮ್ಮೋರು ಇದನ್ನೂ ಕೊಟ್ಟಿಲ್ಲ," ಎಂದು ನಕ್ಕಳು.

ಮುಹೂರ್ತ ಹತ್ತಿರವಾಯಿತು. ನಮ್ಮ ನಾಗಲಿಂಗಯ್ಯನವರು ಮಧುಗಿರಿಯಲ್ಲಿ ಕೂತುಕೊಂಡೇ ಫೋನಿನಲ್ಲಿ ಮದುವೆ ಮಾಡಿಸುತ್ತಿದ್ದರು. ಹೂಕುಂಡಕ್ಕೆ ಒರಗಿಸಿಟ್ಟ ಫೋನಿನಲ್ಲಿ ಅವರ ವಿಭೂತಿಯ ಹಣೆ ಮಾತ್ರ ಕಾಣುತ್ತಿತ್ತು. ಮಂತ್ರ ಮುಗಿಸಿ "ಮಾಂಗಲ್ಯ ತನ್ನಿ" ಅಂದರು. ಅಪ್ಪ ಜೇಬು ತಡಕಿಕೊಂಡು ಅಮ್ಮನ ಕಡೆ ನೋಡಿದ. ಅಮ್ಮ ಲಗುಬಗೆಯಿಂದ ಕೋಟಿನ ಕೋಣೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಅತ್ತೆ ಎಲ್ಲ ಸಿದ್ಧಮಾಡಿ ನಿಂತಿದ್ದಳು. ತಟ್ಟೆಯಲ್ಲಿ ಅಕ್ಷತೆ, ಅದರ ನಡುವೆ ತಾಳಿ. ಅಮ್ಮ ಹೊಸ್ತಿಲಾಚೆಯಿಂದ ಎರಡೂ ಕೈ ಚಾಚಿದಳು. ಅತ್ತೆ ಅಭ್ಯಾಸಬಲದಿಂದ ತಟ್ಟೆ ಮುಂದೆ ಹಿಡಿದಳು. ಇನ್ನೇನು ತಟ್ಟೆ ಕೈ ಬದಲಾಯಿಸಬೇಕು, ಅಷ್ಟರಲ್ಲಿ ಕೇಳಿದಳು:

"ಗಟ್ಟಿಮೇಳ ಯಾರು ಬಾರಿಸ್ತಾರೆ?"

"ಇಲ್ಲಿ ಎಲ್ಲಿಂದ ತರಾದು ಅಕ್ಕ? ಮೇಳ ಗೀಳ ಏನೂ ಇಲ್ಲ. ಕೊಡಿ, ಹೊತ್ತಾಗ್ತದೆ."

"ಮೇಳ ಇಲ್ವಾ?" ಅತ್ತೆ ತಟ್ಟೆ ಬಿಡಲಿಲ್ಲ. "ಮತ್ತೆ ತಾಳಿ ಕಟ್ಟಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?"

"ಪ್ರಭು ಬಂದು ಹೇಳ್ತಾನೆ," ಅಂದಳು ಅಮ್ಮ.

ಅತ್ತೆ ನನ್ನ ಕಡೆ ನೋಡಿದಳು. ಅವಳ ಕಣ್ಣು ಹಾಗೆ ಒಂದೇ ಕಡೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾನು ಹೇಳಲ್ಲ," ಅಂದೆ.

"ಲೇ!" ಎಂದು ಅಮ್ಮ ಗದರಿದಳು.

ಅತ್ತೆ ತಟ್ಟೆಯನ್ನು ನಿಧಾನವಾಗಿ ತನ್ನ ಎದೆಯ ಹತ್ತಿರಕ್ಕೆ ಎಳೆದುಕೊಂಡಳು. "ನಾನೇ ತರ್ತೀನಿ ನಡಿ. ನೋಡ್ಬೇಕು ನಾನು."

"ಅಕ್ಕ, ಬ್ಯಾಡಿ. ನಾನು ನಿಮ್ಗೆ ಯಾವತ್ತಾದ್ರೂ ಒಂದ್ ಮಾತಂದಿದೀನಾ? ಮಗೀನ ಬಾಳು ಅಕ್ಕ ಇದು. ನಂಗೆ ಹೆದ್ರಿಕೆ." ಅಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. ಅವಳು ಕೆಟ್ಟವಳಲ್ಲ, ನಿಜವಾಗಿಯೂ ಹೆದರಿದ್ದಳು. ಅದಕ್ಕೇ ನನಗೆ ಅವಳ ಮೇಲೆ ಸಿಟ್ಟು ಮಾಡಲೂ ಆಗದೆ ಬಿಡಲೂ ಆಗದೆ ಹೋಯಿತು.

"ನಿನ್ ಮದ್ವೇಲಿ ನಾನು ಆಚೆ ಬರ್ಲೇ ಇಲ್ವಲ್ಲಮ್ಮ," ಅಂದಳು ಅತ್ತೆ. "ಬಾಗ್ಲು ಹಾಕ್ಕಂಡು ಒಳಗೇ ಇದ್ದೆ. ಏನ್ ಸುಖಪಟ್ಟೆ ಹೇಳು? ವಾರಕ್ಕೊಂದ್ಸಲ ನನ್ ತಮ್ಮನ ಜೊತೆ ಜಗಳ ಆಡ್ಕಂಡು ತೌರಿಗೆ ಹೊಂಟಿರ್ತೀಯ. ದಾರಿಯಿಂದ ವಾಪಸ್ ಕರ್ಕಂಡ್ ಬರೋಳು ನಾನು."

ಅಮ್ಮ ಬಾಯಿ ತೆರೆದಳು. ಬಂದದ್ದು ನಗು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಚಾಚಿದ ಕೈ ಕೆಳಗಿಳಿಸಿ ಪಕ್ಕಕ್ಕೆ ಸರಿದಳು.

ಅತ್ತೆ ಆಚೆ ಬಂದು ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಿಂದ ಬಾಗಿಲಿಗೆ ಬೀಗ ಹಾಕಿದಳು. ಅದನ್ನು ಮಾತ್ರ ಮರೆಯಲಿಲ್ಲ. ಆಮೇಲೆ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದಳು. ಸದಾ ದುಡುದುಡು ಓಡುವವಳು ಅವತ್ತು ತುಂಬಿದ ಕೊಡ ಹೊತ್ತವಳಂತೆ ಹೆಜ್ಜೆ ಇಡುತ್ತಿದ್ದಳು. ಅಪ್ಪ ನೋಡಿ ತಲೆ ತಗ್ಗಿಸಿದ. ಫೋನಿನಲ್ಲಿ ನಾಗಲಿಂಗಯ್ಯನವರ ದನಿ ಗಕ್ಕನೆ ನಿಂತಿತು. ಹೋದದ್ದು ನೆಟ್‌ವರ್ಕೋ ಅಥವಾ ಅವರ ಬಾಯೋ, ಇವತ್ತಿಗೂ ಗೊತ್ತಿಲ್ಲ. ಭುವನಾ ಮಾತ್ರ ಅತ್ತೆಯನ್ನು ಕಂಡವಳೇ ಎಲ್ಲರೆದುರಿಗೆ ಚಿಕ್ಕ ಮಗುವಿನ ಹಾಗೆ ಅತ್ತಳು.

"ಅಳ್ಬ್ಯಾಡ, ಕಾಡಿಗೆ ಹೋಗ್ತದೆ," ಎಂದು ಅತ್ತೆ ಪಿಸುಗುಟ್ಟಿದಳು.

ಮಾರ್ಟಿನ್ ತಾಳಿ ಎತ್ತಿಕೊಂಡ. ಫೋನಿನಲ್ಲಿ ಮಂತ್ರ ಮತ್ತೆ ಶುರುವಾಯಿತು. ಅವನ ದಪ್ಪ ಬೆರಳುಗಳಿಗೆ ಅರಿಶಿನದ ದಾರ ನಿಲ್ಲುತ್ತಿರಲಿಲ್ಲ. ಒಂದು ಗಂಟು ಬಿತ್ತು, ಎರಡು ಬಿದ್ದವು, ಮೂರನೆಯದು ಜಾರಿತು, ಮತ್ತೆ ಹಾಕಿದ. ಅತ್ತೆ ಪಕ್ಕದಲ್ಲೇ ಖಾಲಿ ತಟ್ಟೆ ಹಿಡಿದು, ರೆಪ್ಪೆ ಬಡಿಯದೆ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವನು ಕೈ ತೆಗೆದ. ಜನ ಚಪ್ಪಾಳೆ ತಟ್ಟಿದರು. ಅತ್ತೆ ಕದಲಲಿಲ್ಲ, ಇನ್ನೂ ಏನೋ ಆಗುವುದಿದೆ ಎಂದು ಕಾಯುತ್ತಿದ್ದಳು.

"ಮುಗೀತತ್ತೆ," ಅಂದೆ.

"ಮುಗೀತಾ?"

"ಹೂಂ. ಕಟ್ಟಾಯ್ತಲ್ಲ."

ಅಪ್ಪ ಹತ್ತಿರ ಬಂದು, ಅವಳ ಮುಖ ನೋಡದೆ, ತಾಂಬೂಲದ ಚೀಲ ತರಬೇಕು ಅಂದ. ಅತ್ತೆ ಸೊಂಟದಿಂದ ಕೀಲಿ ಬಿಚ್ಚಿ ಅವನ ಕೈಗೆ ಹಾಕಿದಳು. "ನೀನೇ ಹೋಗಿ ತಗಂಬಾ," ಅಂದಳು. ಅಪ್ಪ ಆ ಕೀಲಿಯನ್ನು ಯಾವ ಕಡೆಯಿಂದ ಹಿಡಿಯಬೇಕೋ ತಿಳಿಯದವನಂತೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋದ.

ಅತ್ತೆ ಮುಂದಿನ ಸಾಲಿಗೆ ಬಂದಳು. ಹೆಸರಿನ ಚೀಟಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಆ ಕುರ್ಚಿಯಲ್ಲಿ ಕೂತಳು. ಎರಡೂ ಕಾಲು ಒಳಗೆ, ಬೆನ್ನು ಪೂರ್ತಿ ಒರಗಿಸಿ. ನಾನು ಪಕ್ಕದಲ್ಲಿ ಕೂತೆ. ತುಸು ಹೊತ್ತಾದ ಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ದೊಡ್ಡ ಗಂಟು ಬಿಚ್ಚಿ ನೋಡಿ ಅದರೊಳಗೆ ಏನೂ ಕಾಣದವರ ಬೆರಗು ಇತ್ತು.

"ಇಷ್ಟೇನಾ ಪ್ರಭು?" ಅಂದಳು. "ಇಷ್ಟು ನೋಡ್ಬಾರ್ದು ಅಂತ್ಲಾ ನನ್ನ ಅಷ್ಟು ವರ್ಷ ಒಳಗೆ ನಿಲ್ಲಿಸಿದ್ದು?"