ಅರ್ಜೆಂಟಿಗೆ ಒದಗಿದ ಸರ್ಕಾರಿ ಡೇಟಾ

ಕಬ್ಬಿನ ಹಾಲು ಕುಡಿದ ಮೇಲೆ ಸ್ಕೂಟರ್ ಹತ್ತಬಾರದು. ಅದರಲ್ಲೂ ಹಿಂದಿನ ಸೀಟು ಹತ್ತಲೇಬಾರದು.

ಹೋದ ಭಾನುವಾರ ಶಿವಮೊಗ್ಗದಿಂದ ಭದ್ರಾವತಿಗೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ದಾರಿಯಲ್ಲಿ ದೊಡ್ಡ ಲೋಟವೇ ಬೇಕು ಅಂತ ಹಠ ಮಾಡಿ ಕುಡಿದವಳು ನಾನೇ. ಭದ್ರಾವತಿ ಹತ್ತಿರ ಬರುವಷ್ಟರಲ್ಲಿ ನನಗೆ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಶೌಚಾಲಯ. ಗಂಡಸರಾದರೆ ಯಾವುದೋ ಗೋಡೆ, ಯಾವುದೋ ಮರ. ನಾವೆಲ್ಲಿಗೆ ಹೋಗೋಣ ಹೇಳಿ?

"ರೀ, ಇನ್ನು ತಡೆಯಕ್ಕಾಗಲ್ಲ," ಅಂದೆ.

ನನ್ನ ಗಂಡ ಗಾಡಿ ನಿಲ್ಲಿಸಿದರು. ಮುಖದಲ್ಲಿ ಚಿಂತೆ ಇರಬೇಕಾದ ಕಡೆ ಖುಷಿ! "ನಮ್ಮ ಸೈಟ್ ನೋಡೇ ಬಿಡೋಣ ಮಾರಾಯ್ತಿ."

ಈ ವೆಬ್‌ಸೈಟಿನ ಕಥೆ ಹೇಳಬೇಕು. ಇವರೂ ಇವರಂಥ ಕೆಲವು ಉತ್ಸಾಹಿಗಳೂ ಸೇರಿ, ಸರ್ಕಾರಿ ಕಡತಗಳಲ್ಲಿ ಮಲಗಿರುವ ಮಾಹಿತಿಯನ್ನು ಎಬ್ಬಿಸಿ ಜನರ ಮೊಬೈಲಿಗೆ ತರುತ್ತಿದ್ದಾರೆ. ಬಸ್ ಸ್ಟಾಪು, ಆಸ್ಪತ್ರೆ, ಸಾರ್ವಜನಿಕ ಶೌಚಾಲಯ, ಎಲ್ಲ ಮ್ಯಾಪಿನಲ್ಲಿ. ಸಾಫ್ಟ್‌ವೇರ್ ಓಪನ್ ಸೋರ್ಸ್. ಅಂದರೆ ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಕೊಟ್ಟಿದ್ದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ಬದಲಾಯಿಸಿಕೊಳ್ಳಬಹುದು. (ನಮ್ಮ ಮನೆ ಮಿಕ್ಸಿಯನ್ನೂ ಇವರು ಹೀಗೇ ಬಿಚ್ಚಿ ನೋಡಿದ್ದರು. ಅದು ಇನ್ನೂ ಬಿಚ್ಚಿಕೊಂಡೇ ಇದೆ.)

"ನೋಡು, ನ್ಯೂ ಟೌನಿನಲ್ಲಿ ಎಷ್ಟೊಂದು ಶೌಚಾಲಯ! ಎಲ್ಲಾ ಒಂದೇ ಕಡೆ."

"ಒಂದೇ ಕಡೆ ಯಾಕ್ರೀ?"

"ದೊಡ್ಡ ಕಾಂಪ್ಲೆಕ್ಸ್ ಇರಬೇಕು ಕಣೇ. ಗಾಡಿ ಹತ್ತು, ಹತ್ತು."

ರಸ್ತೆಯ ಒಂದೊಂದು ಹಂಪ್‌ಗೂ ಒಬ್ಬೊಬ್ಬ ದೇವರನ್ನು ನೆನೆದೆ. ಮೊಬೈಲು 'ತಲುಪಿದ್ದೀರಿ' ಅಂದಲ್ಲಿ ನೋಡಿದರೆ ಗೇಟು, ರಂಗೋಲಿ, ತುಳಸಿಕಟ್ಟೆ. ಯಾರದೋ ಮನೆ! ನನಗೆ ಅಳು ಬಂತು. ನಿಜವಾಗಿ ಬಂತು.

ಅಷ್ಟರಲ್ಲಿ ಬಾಗಿಲು ತೆರೆದ ಹೆಂಗಸು ನಾನು ನಿಂತ ಭಂಗಿ ನೋಡಿಯೇ, "ಟಾಯ್ಲೆಟ್ಟಿಗಾ? ಬನ್ನಿ ಬನ್ನಿ. ಹಿತ್ತಲ ಕಡೆ ಬಲಕ್ಕೆ," ಅಂದರು.

ಯಾಕೆ, ಏನು ಅಂತ ಕೇಳಲಿಲ್ಲ. ಓಡಿದೆ.

ಹೊರಗೆ ಬಂದಾಗ ಲೋಕವೆಲ್ಲ ಸುಂದರವಾಗಿ ಕಂಡಿತು. ಇವರು ಮಾತ್ರ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮನೆಯ ಯಜಮಾನರು ರಿಟೈರ್ಡ್ ಮೇಷ್ಟ್ರು, ಇವರ ಗುಂಪಿನವರೇ! ವಾಟ್ಸಾಪಿನಲ್ಲಿ ದಿನಾ ಗುಡ್ ಮಾರ್ನಿಂಗ್, ಮುಖ ನೋಡಿದ್ದು ಈಗಲೇ. ಸರ್ಕಾರಿ ಪಟ್ಟಿ ನೋಡಿ ಊರಿನ ಶೌಚಾಲಯಗಳನ್ನೆಲ್ಲ ಸೈಟಿಗೆ ತುಂಬಿದವರು ಅವರೇ.

"ನಮ್ಮೂರಿನ ಅಡ್ರೆಸ್ ಗೊತ್ತಲ್ಲ ಸಾರ್," ಅಂದರು ಮೇಷ್ಟ್ರು. "ಆಲದ ಮರದ ಪಕ್ಕ, ಹಳೇ ಸೊಸೈಟಿ ಎದುರು. ಈಗ ಮರವೂ ಇಲ್ಲ, ಸೊಸೈಟಿಯೂ ಇಲ್ಲ. ಕಂಪ್ಯೂಟರ್ ಮ್ಯಾಪಿನಲ್ಲಿ ಜಾಗ ತೋರಿಸು ಅನ್ನತ್ತೆ, ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. 'ಈಗ ನೀವಿರುವ ಜಾಗ' ಅಂತ ಒಂದು ಬಟನ್ ಇತ್ತು. ಒತ್ತಿದೆ. ಪ್ರತಿಸಲವೂ ನಾನಿದ್ದಿದ್ದು ಇದೇ ಕುರ್ಚಿ ಮೇಲೆ."

ಊರಿನ ಶೌಚಾಲಯಗಳೆಲ್ಲ ಆ ಕುರ್ಚಿಯ ಕೆಳಗೆ!

"ಮುತ್ತೈದೆ ಮನೆಗೆ ಬಂದ್ರೆ ಹಾಗೇ ಕಳಿಸಕ್ಕಾಗತ್ತಾ?" ಅಂತ ಅವರ ಹೆಂಡತಿ ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ ತಂದರು. ಜೊತೆಗೆ ಕಾಫಿ. (ಶೌಚಾಲಯಕ್ಕೆ ಹೋಗಿ ರವಿಕೆ ಕಣ ತಂದವರು ಬೇರೆ ಯಾರಾದರೂ ಇದ್ದೀರಾ?) "ದಿನಾ ಯಾರಾದರೂ ಬರ್ತಾರಮ್ಮ. ಮೊನ್ನೆ ಹೊಳೆಹೊನ್ನೂರಿನ ಮದುವೆ ದಿಬ್ಬಣವೇ ಬಂದಿತ್ತು. ನೀರಿನ ಟ್ಯಾಂಕೂ ಖಾಲಿ, ಕಣಗಳೂ ಖಾಲಿ," ಅಂತ ನಕ್ಕರು. ಪಾಪ, ನಗುವಿಗೂ ಸುಸ್ತಾಗಿತ್ತು.

ಇವರು ಮೊಬೈಲ್ ತೆಗೆದರು. "ಈಗಲೇ ತೆಗೆದುಹಾಕ್ತೀನಿ. ಇದೇ ನಮ್ಮ ಸೈಟಿನ ಗುಣ, ತಪ್ಪು ಕಂಡವರು ತಿದ್ದಬಹುದು."

ತಿದ್ದಲೇಬೇಕು. ಆ ತಾಯಿಯ ಟ್ಯಾಂಕಿನ ಮೇಲೆ ನನಗೂ ಕನಿಕರವಿದೆ. ಇನ್ನು ಇವರೂ ಮೇಷ್ಟ್ರೂ ಊರೆಲ್ಲ ಸುತ್ತಿ, ಒಂದೊಂದು ಶೌಚಾಲಯದ ಎದುರೂ ನಿಂತು ಆ ಬಟನ್ ಒತ್ತುತ್ತಾರಂತೆ. ಒಳ್ಳೆಯದು, ಡೇಟಾ ಸರಿಹೋಗುತ್ತೆ.

ಆದರೆ ಆ ಸರಿಯಾದ ಜಾಗದಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಾ, ಒಳಗಿನ ಚಿಲಕ ಬೀಳುತ್ತಾ?