ಮೇಣದ ಚಾಚಿಯ ಹನ್ನೊಂದನೆಯ ಬತ್ತಿ

ಅವರ ಬಲಗೈಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬಿಸಿ ಮೇಣ ಮುಟ್ಟಿ ಮುಟ್ಟಿ ಚರ್ಮ ಹುಣಸೆ ಬೀಜದಂತೆ ನುಣುಪಾಗಿತ್ತು. ಮುಂಡರಗಿಯ ಶಾಲೆಗೆ ಶಿಕ್ಷಕಿಯಾಗಿ ಬಂದ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಓಣಿಗೆಲ್ಲ ಅವರು ಮೇಣದ ಚಾಚಿ. ನನಗೂ ಹಾಗೇ ಆದರು.

ಕಪ್ಪತಗುಡ್ಡದ ಕಡೆಯಿಂದ ಜೇನು ಬಿಡಿಸುವವರು ಹಿಂಡಿದ ಹುಟ್ಟುಗಳನ್ನು ತಂದು ಕೊಡುತ್ತಿದ್ದರು. ಚಾಚಿ ಅವನ್ನು ನೀರಿನಲ್ಲಿ ಕುದಿಸಿ, ಹಳೆಯ ಧೋತರದಲ್ಲಿ ಸೋಸಿ, ಆರಿದ ಮೇಲೆ ತೇಲಿ ಗಟ್ಟಿಯಾದ ಹಳದಿ ಮೇಣವನ್ನು ಬಿಲ್ಲೆಯಾಗಿ ಎತ್ತುವರು. ಹೊಸೆದ ನೂಲನ್ನು ತೂಗುಹಾಕಿ, ಕರಗಿದ ಮೇಣವನ್ನು ಸೌಟಿನಿಂದ ಅದರ ಮೇಲೆ ಸುರಿಯುವುದು, ಆರಲು ಬಿಡುವುದು, ಮತ್ತೆ ಸುರಿಯುವುದು. ಕೊನೆಗೆ ಒದ್ದೆ ಮಣೆಯ ಮೇಲೆ ಅಂಗೈಯಿಂದ ಉರುಳಿಸುವುದು. "ಗಡಿಬಿಡಿ ಮಾಡಿದ್ರ ಮೇಣಕ್ಕ ಸಿಟ್ಟು ಬರ್ತೈತ್ರಿ" ಎನ್ನುವರು. ಬೆಟಗೇರಿಯ ಚರ್ಚಿಗೂ ಲಕ್ಷ್ಮೇಶ್ವರದ ದರ್ಗಾಕ್ಕೂ ಅವರ ಮೇಣದ ಬತ್ತಿಗಳು ಹೋಗುತ್ತಿದ್ದವು.

ಎಪ್ಪತ್ತರ ದಶಕದ ಕೊನೆಯಲ್ಲಿ ಗದಗಿನಲ್ಲೊಂದು ಕೈಕಸುಬಿನ ಪ್ರದರ್ಶನ ನಡೆಯಿತು. ಒಲ್ಲೆ ಎಂದವರನ್ನು ನಾನೇ ಒತ್ತಾಯ ಮಾಡಿ ಕರೆದೊಯ್ದೆ. ಹತ್ತು ಬತ್ತಿ ಸಾಲಾಗಿ ಇಟ್ಟೆವು. ನೋಡಲು ಬಂದ ಅಧಿಕಾರಿ ಒಂದನ್ನೆತ್ತಿ ತಿರುಗಿಸಿದರು.

"ಇವು ಅಚ್ಚಿನಾವು. ಕೈಲೆ ಮಾಡಿದ್ದು ಇಷ್ಟ ಸರಿಸಮ ಬರೂದಿಲ್ಲ."

ಚಾಚಿ ಸೆರಗು ಸರಿಮಾಡಿಕೊಂಡರು. "ತಡೀರಿ ಸಾಹೇಬ್ರ. ಒಂದು ಒಲಿ ತರಸ್ರಿ. ನಿಮ್ಮ ಮುಂದ ಮಾಡ್ತೀನಿ."

ಪಕ್ಕದ ಚಹಾದಂಗಡಿಯಿಂದ ಒಲೆ ಬಂತು. ಜನರಿಗೆ ತೋರಿಸಲೆಂದು ತಂದಿದ್ದ ಮೇಣ, ನೂಲು, ಸೌಟು, ಮಣೆ ಚೀಲದಲ್ಲೇ ಇದ್ದವು. ಬೇಸಿಗೆಯ ಮಧ್ಯಾಹ್ನ, ಮೇಣ ಬೇಗ ಗಟ್ಟಿಯಾಗಲಿಲ್ಲ. ಅರ್ಧ ಆಗಿದ್ದ ಬತ್ತಿ ನಡುವೆ ಬಾಗಿತು. ಯಾರೋ ನಕ್ಕರು. ಚಾಚಿ ಅದನ್ನು ಪಾತ್ರೆಗೆ ಹಾಕಿ ಕರಗಿಸಿದರು, ಒಲೆಯನ್ನು ಗೋಡೆಯ ನೆರಳಿಗೆ ಎಳೆದುಕೊಂಡು ಮೊದಲಿನಿಂದ ಶುರುಮಾಡಿದರು. ಅಧಿಕಾರಿ ಕುರ್ಚಿ ತರಿಸಿಕೊಂಡು ಕೂತರು. ಎರಡು ತಾಸು ಹಿಡಿಯಿತು.

ಹೊಸ ಬತ್ತಿ ತಣ್ಣಗಾದ ಮೇಲೆ ಚಾಚಿ ಬೆನ್ನು ತಿರುಗಿಸಿ ನಿಂತು, ಹನ್ನೊಂದನ್ನೂ ಕಲೆಸಿ ಜೋಡಿಸಿದರು. "ಈಗ ಮಾಡಿದ್ದು ಯಾವುದು, ಹೇಳ್ರಿ."

ಅಧಿಕಾರಿ ಬಾಗಿ ನೋಡಿ ಮೂರನೆಯದನ್ನು ತೋರಿಸಿದರು.

"ಅದು ಹ್ವಾದ ತಿಂಗಳದ್ದ್ರಿ ಸಾಹೇಬ್ರ."

ಮೊದಲು ನಕ್ಕವನೇ ಮೊದಲು ಚಪ್ಪಾಳೆ ಹೊಡೆದ. ಅಧಿಕಾರಿ ಎದ್ದು ನಿಂತು, "ತಪ್ಪಾತು ತಾಯಿ" ಎಂದು ಕೈಮುಗಿದರು.

ಮರಳುವ ಬಸ್ಸಿನಲ್ಲಿ ಚಾಚಿ ನನ್ನ ಕಿವಿಯಲ್ಲಿ ಹೇಳಿದರು: "ಮೊದಲನೇದು ಬಾಗಿದಾಗ ನನ್ನ ಎದಿ ಝಲ್ಲಂತ್ರಿ ಅಕ್ಕಾರ. ಖರೆ, ಮಾರಿ ಮ್ಯಾಗ ತೋರಸಲಿಲ್ಲ."

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಆಗ ನಾನು ಶಿರಹಟ್ಟಿಯಲ್ಲಿದ್ದೆ. ಖಬರು ತಡವಾಗಿ ಬಂತು, ಮಣ್ಣು ಕೊಡಲು ಹೋಗಲಾಗಲಿಲ್ಲ. ಗದಗಿನ ಆ ಮಧ್ಯಾಹ್ನಕ್ಕೆ ಮೊದಲು ಶಾಲೆಗೆ ಇನ್‌ಸ್ಪೆಕ್ಟರ್ ಬಂದರೆ ಅವರು ಬರೆದದ್ದಕ್ಕೆ ಓದದೆಯೇ ಸಹಿ ಹಾಕುತ್ತಿದ್ದೆ. ಆಮೇಲೆ ಒಬ್ಬ ಇನ್‌ಸ್ಪೆಕ್ಟರ್ ಪಾಠ ಕೇಳದೆಯೇ ನನ್ನ ಮೇಲೆ ಷರಾ ಬರೆಯಹೊರಟಾಗ, ಕುರ್ಚಿ ಎಳೆದುಕೊಟ್ಟು, "ಕುಂಡ್ರಿ ಸರ್, ಪೂರಾ ಕೇಳಿ ಆಮ್ಯಾಲೆ ಬರೀರಿ" ಎಂದೆ. ಅವರು ಕೂತರು. ಅಂಥ ಮಾತು ಆಡುವುದನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ.